ಹಲಗೆಯ ಮೇಲೆ ಬರಿಗಾಲು

ನಾನು ವೇದಿಕೆ ಹತ್ತುವ ಮೊದಲು ಚಪ್ಪಲಿ ಬಿಡುತ್ತೇನೆ. ಗಣಪತಿ ಕೂರಿಸಿದ ಊರುಗಳಲ್ಲಿ ಇದನ್ನು ಭಕ್ತಿ ಅಂದುಕೊಂಡವರೇ ಜಾಸ್ತಿ. ಒಂದು ಕಡೆ ಹಿರಿಯರೊಬ್ಬರು ಮೊಮ್ಮಕ್ಕಳನ್ನು ಕರೆದು, 'ನೋಡಿ, ಕಲೀರಿ' ಎಂದು ನನ್ನ ಕಾಲು ತೋರಿಸಿದ್ದರು. ನಾನೂ ಸುಮ್ಮನಿದ್ದೆ. ಬಿಟ್ಟಿ ಸಿಕ್ಕ ಮರ್ಯಾದೆಯನ್ನು ಯಾರು ಬೇಡವೆನ್ನುತ್ತಾರೆ?

ಅಸಲು ಸಂಗತಿ ಬೇರೆ. ನಾನು ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸುವವನು. ನಮ್ಮ ಕಡೆ ಸ್ಪೀಕರುಗಳೆಲ್ಲ ಜನರ ಕಡೆಗೆ ಮುಖ ಮಾಡಿರುತ್ತವೆ. ವೇದಿಕೆಯ ಮೇಲೆ ಡ್ರಮ್ಮಿನ ಗದ್ದಲದಲ್ಲಿ ನನ್ನ ಸ್ವರ ನನಗೇ ಕೇಳುವುದಿಲ್ಲ. ಆದರೆ ಪೀಪಾಯಿಗಳ ಮೇಲೆ ಹಲಗೆ ಹಾಸಿದ ವೇದಿಕೆಯಾದರೆ ಆ ದಪ್ಪ ಸ್ವರ ಮರದೊಳಗೆ ಇಳಿದು ಅಂಗಾಲಿಗೆ ಬರುತ್ತದೆ. ಹಿಮ್ಮಡಿ ಗುಂಯ್ ಎಂದರೆ ನಾನು ಸರಿಯಾಗಿದ್ದೇನೆ ಎಂದು ಅರ್ಥ. ನಾನು ಕಿವಿಗಿಂತ ಹೆಚ್ಚು ನಂಬಿದ್ದು ಕಾಲನ್ನೇ.

ಈ ವಾದ್ಯಕ್ಕೆ ನಾನಾಗಿ ಬಂದವನೂ ಅಲ್ಲ. ಸಾಗರದಲ್ಲಿ ಕಾಲೇಜು ಓದುವಾಗ ಸೇರಿದ ತಂಡದಲ್ಲಿ ಮುಂದೆ ನಿಂತು ಗಿಟಾರ್ ನುಡಿಸಿ ಹುಡುಗಿಯರ ಕಣ್ಣಿಗೆ ಬೀಳುವ ಆಸೆಯಿತ್ತು. ಅಷ್ಟರಲ್ಲಿ ಬಾಸ್ ನುಡಿಸುವವನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. 'ನಾಲ್ಕೇ ತಂತಿ, ನಿಂಗೆ ಸುಲಭ' ಎಂದು ನನ್ನ ಕೊರಳಿಗೆ ಕಟ್ಟಿದರು. ಹುಡುಗಿಯರ ಕಣ್ಣಿಗಂತೂ ಬೀಳಲಿಲ್ಲ. ಮದುವೆಯಾದ ಹೊಸತರಲ್ಲಿ ಕಾರ್ಯಕ್ರಮ ನೋಡಲು ಬಂದ ಹೆಂಡತಿಯೂ, 'ಎಲ್ಲಾ ಚೆನ್ನಾಗಿತ್ತು. ನೀವು ನುಡಿಸಿದ್ದು ಯಾವುದು?' ಎಂದು ಕೇಳಿದಳು. ಆ ತಂಡ ಒಡೆಯಿತು. ತೀರ್ಥಹಳ್ಳಿಯ ಇನ್ನೊಂದು ತಂಡ ಸೇರಿದೆ. ಕೀಬೋರ್ಡಿನವನು ಎಡಗೈಯಲ್ಲೇ ಬಾಸ್ ನುಡಿಸತೊಡಗಿದ ಮೇಲೆ ಅಲ್ಲಿಯೂ ಜಾಗವಿಲ್ಲದಾಯಿತು. ಕೆಲವು ವರ್ಷ ನನ್ನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೂತು ಮಿಕ್ಸಿ ರಿಪೇರಿ ಮಾಡಿದೆ, ಬರುವ ಗಿರಾಕಿಗಳ ಮೇಲೆಲ್ಲ ಸಿಡುಕಿದೆ. ಕೊನೆಗೆ ಮೊದಲ ತಂಡದ ಡ್ರಮ್ಮರ್ ಗೆಳೆಯನೇ ಹೊಸ ತಂಡ ಕಟ್ಟಿ ನನ್ನನ್ನು ಎಳೆದುಕೊಂಡು ಹೋದ. ಅಂದಿನಿಂದ ನಾನು ಮನುಷ್ಯನಂತಿದ್ದೇನೆ ಎಂದು ಹೆಂಡತಿ ಹೇಳುತ್ತಾಳೆ.

ಈ ವರ್ಷ ಗಣಪತಿ ಹಬ್ಬಕ್ಕೆ ಸ್ವಲ್ಪ ಮೊದಲು ಡಾಕ್ಟರು ಸಕ್ಕರೆ ಕಾಯಿಲೆ ಎಂದರು. 'ಕಾಲು ಜೋಪಾನ. ಸ್ಪರ್ಶಜ್ಞಾನ ಹೋಗೋದು ನಿಮಗೆ ಗೊತ್ತೇ ಆಗಲ್ಲ' ಎಂದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಹಬ್ಬದ ಮೊದಲ ಕಾರ್ಯಕ್ರಮ ಹೊಸನಗರದಲ್ಲಿತ್ತು. ಅಂಗಡಿ ಮುಚ್ಚಿ ಹೊರಡುವಾಗಲೇ ತಡವಾಗಿತ್ತು. ಓಡೋಡಿ ಬಂದು, ಚಪ್ಪಲಿ ಬಿಟ್ಟು, ಕೆಂಪು ಕಾರ್ಪೆಟ್ಟಿನ ಮೇಲೆ ನಿಂತು ಮೊದಲ ಸ್ವರ ಮೀಟಿದೆ. ಕಾಲಿಗೆ ಏನೂ ಬರಲಿಲ್ಲ. ವಾಲ್ಯೂಮ್ ಏರಿಸಿದೆ, ಹಿಮ್ಮಡಿ ಒತ್ತಿ ನಿಂತೆ. ಏನೂ ಇಲ್ಲ. ನನ್ನ ಜೀವವೇ ಬಾಯಿಗೆ ಬಂತು. ಉಳಿದ ಹಾಡುಗಳನ್ನು ಗೆಳೆಯನ ಕೈ ನೋಡಿಕೊಂಡು ಹೇಗೋ ಮುಗಿಸಿದೆ.

'ಎಂತ ಮಾರಾಯ, ಬಸ್ಸು ತಪ್ಪಿದವ್ನ ಹಂಗೆ ತಾಳದ ಹಿಂದೆ ಓಡಿ ಬರ್ತಿದ್ದೀಯಲ್ಲ ಇವತ್ತು?' ಎಂದ ಅವನು. ಸುಸ್ತು ಎಂದೆ.

ಮನೆಗೆ ಬಂದು ಅಂಗಾಲಿಗೆ ಪಿನ್ನು ಚುಚ್ಚಿಕೊಂಡೆ. ಹೆಂಡತಿ ನೋಡಿ ಹೌಹಾರಿದಳು.

'ನೋವಾಗ್ತದೋ ಇಲ್ವೋ?'

'ಆಗ್ತದೆ.'

'ಮತ್ತೆ ಇನ್ನೆಂತ ಬೇಕು ಮಾರಾಯ್ರೆ ನಿಮ್ಗೆ?'

'ಪಿನ್ನು ಗೊತ್ತಾದ್ರೆ ಸಾಲ್ದು ಮಾರಾಯ್ತಿ. ಸ್ವರ ಗೊತ್ತಾಗ್ಬೇಕು.'

ಅವಳು ಪಿನ್ನು ಕಿತ್ತುಕೊಂಡು ಒಳಗೆ ಹೋದಳು. ನಾನು ಅಲ್ಲೇ ಕೂತು ತೀರ್ಮಾನ ಮಾಡಿದೆ: ಮೊದಲೇ ಒಪ್ಪಿಕೊಂಡಿದ್ದ ತೀರ್ಥಹಳ್ಳಿಯ ಕಾರ್ಯಕ್ರಮವೊಂದನ್ನು ಮುಗಿಸಿ ಬಾಸನ್ನು ಯಾರಿಗಾದರೂ ಕೊಟ್ಟುಬಿಡುವುದು. ಆಮೇಲೆ ಮತ್ತೆ ಮಿಕ್ಸಿ.

ತೀರ್ಥಹಳ್ಳಿಗೆ ಹೋಗುವಾಗ ವ್ಯಾನಿನಲ್ಲಿ ಗೆಳೆಯನಿಗೆ ಹೇಳಿದೆ. 'ಇದೇ ಕೊನೆ ಕಣೋ. ನನ್ನ ಕಾಲು ಹೋಯ್ತು. ಹೊಸನಗರದ ಸ್ಟೇಜಲ್ಲಿ ಒಂದು ಸ್ವರಾನೂ ಹತ್ತಲಿಲ್ಲ.'

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

'ಅದು ಸಿಮೆಂಟು ಮಾರಾಯ! ಹಲಗೆ ತೆಗ್ದು ಈ ವರ್ಷ ಸ್ಟೇಜ್ ಕಟ್ಸಿದಾರೆ. ಮೇಲೆ ಕಾರ್ಪೆಟ್ ಹಾಸಿದ್ರಲ್ಲ, ನಂಗೂ ಗೊತ್ತಾಗ್ಲಿಲ್ಲ. ಡ್ರಮ್ ಜಾರದ ಹಂಗೆ ಮೊಳೆ ಹೊಡೆಯಕ್ಕೆ ಹೋದೆ, ಮೊಳೆ ಸೊಟ್ಟ ಆಯ್ತು. ನೀನು ತಡ ಮಾಡಿ ಬಂದ್ಯಲ್ಲ, ನಿಂಗೆ ಹೇಳೋರ್ಯಾರು?'

ನಂಬಬೇಕೆಂದು ಮನಸ್ಸು ಹೇಳಿತು, ಧೈರ್ಯ ಬರಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದರೆ?

ತೀರ್ಥಹಳ್ಳಿಯಲ್ಲಿ ಇನ್ನೂ ಪೀಪಾಯಿ, ಹಲಗೆಗಳ ಹಳೇ ವೇದಿಕೆಯೇ. ಯಾರೂ ಮೈಕ್ ಮುಟ್ಟುವ ಮೊದಲೇ ಹತ್ತಿದೆ. ಬರಿಗಾಲು ಊರಿ ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೆಲ್ಲಗೆ ಮೀಟಿದೆ.

ಹಲಗೆ ನಡುಗಿತು. ಹಿಮ್ಮಡಿಯಿಂದ ಮೊಣಕಾಲಿನ ತನಕ ಗುಂಯ್ ಎಂದಿತು. ಇನ್ನೊಮ್ಮೆ ಮೀಟಿದೆ, ಮತ್ತೊಮ್ಮೆ ಮೀಟಿದೆ. ಅಬ್ಬಾ! ಕಣ್ಣು ತುಂಬಿ ಬಂತು. ಗೆಳೆಯ ಹಲಗೆಗೆ ಮೊಳೆ ಹೊಡೆಯುತ್ತಾ, 'ಆಯ್ತಾ? ಇನ್ನು ಆ ತಂತಿ ಬಿಡು, ಹರ್ಕೊಂಡು ಹೋಗ್ತದೆ' ಎಂದ.

ಹೆಂಡತಿಗೆ ಫೋನ್ ಮಾಡಿದೆ. 'ಸಂತೋಷ. ಹಲಗೆಯಿಂದ ಇಳಿದ ಕೂಡ್ಲೆ ಚಪ್ಪಲಿ ಹಾಕ್ಕೊಳಿ' ಎಂದಳು. ಅವಳ ದನಿಯೂ ಸ್ವಲ್ಪ ಒಡೆದಿತ್ತು.

ಫೋನಿಟ್ಟು ತಿರುಗಿದರೆ ಸಮಿತಿಯ ಹಿರಿಯರೊಬ್ಬರು ನನ್ನ ಬರಿಗಾಲನ್ನೂ ಒದ್ದೆ ಕಣ್ಣನ್ನೂ ನೋಡುತ್ತಾ ನಿಂತಿದ್ದರು. 'ಎಂಥಾ ಭಕ್ತಿ ನಿಮ್ದು' ಎಂದು ಕೈ ಮುಗಿದರು. ಎಂದಿನಂತೆ ನಕ್ಕು ಸುಮ್ಮನಾಗಲು ಆಗಲಿಲ್ಲ. ಬಾಸನ್ನು ಕೆಳಗಿಟ್ಟು ಗಣಪತಿಯ ಎದುರು ಹೋಗಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಉದ್ದಕ್ಕೆ ಅಡ್ಡಬಿದ್ದೆ.