ಅಳತೆಗೆ ಕೂತ ಹಲ್ಲು

ಮೈ ಸುತ್ತ ಟೇಪು ಹಿಡಿದ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳದ ಹೆಂಗಸನ್ನು ನಾನು ಇನ್ನೂ ನೋಡಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಸಂದಿಯೊಂದರಲ್ಲಿ ರವಿಕೆ ಹೊಲಿಯುತ್ತಲೇ ನನ್ನ ತಲೆ ನರೆತಿದೆ. "ಉಸಿರು ಬಿಡಿ ಅಮ್ಮಾ" ಎನ್ನುತ್ತೇನೆ. ಬಿಡುವುದಿಲ್ಲ. ಆಮೇಲೆ ರವಿಕೆ ಬಿಗಿಯಾಯಿತೆಂದು ನನ್ನ ಮೇಲೇ ರೇಗುತ್ತಾರೆ. ತಪ್ಪು ಟೇಪಿನದಲ್ಲ, ಅಳತೆ ಕೊಟ್ಟವರದು ಎಂದು ದಿನವೂ ಪಾಠ ಹೇಳುವ ನಾನೇ ಹಲ್ಲಿನ ವಿಷಯದಲ್ಲಿ ಸಿಕ್ಕಿಬಿದ್ದೆ.

ನನ್ನ ಎಡಗಡೆಯ ದವಡೆ ಹಲ್ಲಿಗೆ ಹಿಂದೊಮ್ಮೆ ಕ್ಯಾಪು ಹಾಕಿಸಿದ್ದೆ. ಆಗ ಅಳತೆ ತೆಗೆಯುವ ರೀತಿಯೇ ಬೇರೆ. ಲಾಳದಂಥ ತಟ್ಟೆಯ ತುಂಬ ಪೇಸ್ಟು ಕಲಸಿ ಬಾಯಿಗೆ ತುರುಕಿ, ಗಟ್ಟಿಯಾಗುವವರೆಗೆ ಅಲ್ಲಾಡಬೇಡಿ ಎನ್ನುತ್ತಿದ್ದರು. ನನಗೋ ಬ್ರಷ್ಷು ಕೊಂಚ ಒಳಗೆ ಹೋದರೂ ಓಕರಿಕೆ. ಅಲ್ಲಾಡಿದೆ, ಒದ್ದಾಡಿದೆ, ಡಾಕ್ಟರ ಬೆರಳನ್ನೂ ಕಚ್ಚಿದೆ. ಬಂದ ಕ್ಯಾಪು ಎತ್ತರವಾಗಿತ್ತು. ಉಜ್ಜಿ ಉಜ್ಜಿ ಕೂರಿಸಿದರು. ಕೊನೆಗೊಂದು ದಿನ ಅದು ಇಡ್ಲಿ ತಿನ್ನುವಾಗ ಬಿದ್ದುಹೋಯಿತು. ಚಕ್ಕುಲಿಯಲ್ಲ, ಇಡ್ಲಿ!

ಇದರಿಂದ ಕೆಟ್ಟದ್ದು ನನ್ನ ಸಂಕ್ರಾಂತಿ. ಅಕ್ಕನ ಮನೆ ಇರುವುದು ಭದ್ರಾವತಿಯ ಜನ್ನಾಪುರದಲ್ಲಿ. ಚಿಕ್ಕಂದಿನಿಂದಲೂ ಆ ಹಬ್ಬಕ್ಕೆ ನಮ್ಮಿಬ್ಬರದು ಕಬ್ಬು ತಿನ್ನುವ ಪಂದ್ಯ; ಮೊದಲು ಜಲ್ಲೆ ಮುಗಿಸಿದವರು ವರ್ಷವಿಡೀ ಮೆರೆಯಬಹುದು. ಕ್ಯಾಪು ಬಿದ್ದ ಮೇಲೆ ನಾನು ಜಲ್ಲೆ ಮುಟ್ಟಲಿಲ್ಲ. ಹೋದ ಸಲವಂತೂ ಅಕ್ಕ ಲೋಟಕ್ಕೆ ಕಬ್ಬಿನ ರಸ ಹಾಕಿ, "ಕುಡಿ ಮಾರಾಯ್ತಿ, ಪಾಪ" ಅಂದಳು. ರಸ ಗಂಟಲಲ್ಲಿ ಇಳಿಯಿತು, ಆ "ಪಾಪ" ಇಳಿಯಲಿಲ್ಲ.

ಈ ಸಲ ಹಬ್ಬಕ್ಕೆ ಮುಂಚೆ ದುರ್ಗಿಗುಡಿಯಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆ. ಪೇಸ್ಟು ಬರುತ್ತದೆಂದು ಕಣ್ಣು ಮುಚ್ಚಿ ಕೂತರೆ, ಬಂದದ್ದು ದಪ್ಪ ಪೆನ್ನಿನಂಥ ಸ್ಕ್ಯಾನರು. ಅದು ಹಲ್ಲುಗಳ ಮೇಲೆ ಸುಳಿದಾಡಿದಂತೆ ಎದುರಿನ ಪರದೆಯಲ್ಲಿ ನನ್ನ ಬಾಯಿ ತುಂಡು ತುಂಡಾಗಿ ಮೂಡಿತು. ರಾಶಿ ಚಿತ್ರ ತೆಗೆದು ಒಂದಕ್ಕೊಂದು ಹೊಲಿಯುತ್ತದಂತೆ. ಹೊಲಿಗೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಸ್ಕ್ಯಾನರು ಹೊರಬಂದದ್ದೇ ತಡ, "ಒಂದೊಂದು ಹೊಲಿಗೇಲೂ ಎಳೆಯಷ್ಟು ತಪ್ಪಿದ್ರೆ ಕೊನೇಲಿ ಏರುಪೇರು ಆಗಲ್ವಾ?" ಎಂದು ಕೇಳಿದೆ. ಪಟ್ಟಿ ಪಟ್ಟಿ ಸೇರಿಸಿ ಲಂಗ ಹೊಲಿದವರ ಕಷ್ಟ ಅದು.

"ಕರೆಕ್ಟ್ ಆಂಟಿ, ಇಡೀ ದವಡೆ ಆದ್ರೆ ಹುಷಾರಾಗಿರ್ಬೇಕು. ನಿಮ್ದು ಒಂದೇ ಹಲ್ಲಲ್ವಾ, ಕೂದಲೆಳೆಯಷ್ಟೂ ತಪ್ಪಲ್ಲ" ಎಂದರು.

ಆಮೇಲೆ, ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಹೇಗೆ ಕೂಡುತ್ತವೆಂದು ನೋಡಬೇಕು, ಕಚ್ಚಿ ಎಂದರು. ಕ್ಯಾಮೆರಾ ಅಲ್ಲವೇ! ಮುಂದಿನ ಹಲ್ಲಿಗೆ ಮುಂದಿನ ಹಲ್ಲನ್ನು ಸಮನಾಗಿ ಕೂರಿಸಿ, ಮದುವೆ ಫೋಟೋಕ್ಕೆ ನಿಂತವಳ ಹಾಗೆ ಅಂದವಾಗಿ ಕಚ್ಚಿದೆ. ಪರದೆ ನೋಡಿ ಡಾಕ್ಟರಮ್ಮ ನಕ್ಕರು. "ಆಂಟಿ, ನೀವು ಊಟ ಮಾಡೋದು ಹೀಗಲ್ಲ. ಮೇಲೆ ಸವೆದಿರೋ ಜಾಗಕ್ಕೂ ಕೆಳಗೆ ಸವೆದಿರೋ ಜಾಗಕ್ಕೂ ತಾಳೇನೇ ಆಗ್ತಿಲ್ಲ." ಮತ್ತೆ ಕಚ್ಚಿದೆ, ಇನ್ನೂ ಅಂದವಾಗಿ. ನನ್ನ ಗಿರಾಕಿಗಳೆಲ್ಲ ಆ ಕುರ್ಚಿಯ ಸುತ್ತ ನಿಂತು ನಕ್ಕ ಹಾಗಾಯಿತು.

ಆಕೆ ಸ್ಕ್ಯಾನರು ಕೆಳಗಿಟ್ಟು, "ಹಬ್ಬಕ್ಕೆ ಮುಂಚೇನೇ ಬೇಕು ಅಂದ್ರಲ್ಲ, ಯಾಕೆ?" ಎಂದು ಕೇಳಿದರು. ಅಷ್ಟು ಸಾಕಾಗಿತ್ತು. ಅಕ್ಕ, ಲೋಟ, ಪಾಪ, ಎಲ್ಲ ಹೊರಬಂತು. "ಅಲ್ಲ ಡಾಕ್ಟ್ರೇ, ನಂಗೆ ಲೋಟದಲ್ಲಿ ರಸ ಕೊಡೋದಾ?" ಎಂದು ಉಗುಳು ನುಂಗಿ ಬಾಯಿ ಮುಚ್ಚಿದೆ.

"ಹಾಂ, ಹಾಗೇ ಇರಿ!" ಎಂದವರೇ ಸ್ಕ್ಯಾನರನ್ನು ಕೆನ್ನೆಯೊಳಗೆ ತೂರಿಸಿದರು. ಪರದೆಯಲ್ಲಿ ಈ ಸಲ ಸವೆದ ಜಾಗಕ್ಕೆ ಸವೆದ ಜಾಗ ತಾಳೆಯಾಗಿ ಕೂತಿತ್ತು.

ಕ್ಯಾಪು ಬಂದಾಗ ಉಜ್ಜುವ ಕೆಲಸವೇ ಇರಲಿಲ್ಲ, ಮೊದಲ ಸಲಕ್ಕೇ ಕೂತಿತು. ಕಬ್ಬಿನ ಸಿಪ್ಪೆಯನ್ನು ಮಾತ್ರ ಹಲ್ಲಿನಿಂದ ಸಿಗಿಯಬೇಡಿ, ಚಾಕುವಿನಲ್ಲಿ ಕೆತ್ತಿ, ಅಗಿಯುವುದನ್ನು ಧಾರಾಳವಾಗಿ ಅಗಿಯಿರಿ ಎಂದು ಅಪ್ಪಣೆಯೂ ಸಿಕ್ಕಿತು.

ಸಂಕ್ರಾಂತಿಯ ದಿನ ಅಕ್ಕ ನನಗೆಂದು ರಸದ ಲೋಟ ತುಂಬಿಸಿಟ್ಟಿದ್ದಳು. ನಾನು ಜಲ್ಲೆ ಎತ್ತಿಕೊಂಡೆ. ಕೆತ್ತಿದೆ, ಬೇಕೆಂದೇ ಎಡಗಡೆಗೆ ಇಟ್ಟುಕೊಂಡು ಅಗಿದೆ. ಅಕ್ಕನ ಕೈಯಲ್ಲಿ ಇನ್ನೂ ಎರಡು ಗೆಣ್ಣು ಉಳಿದಿರುವಾಗ ನನ್ನ ಕೈ ಖಾಲಿ! ಜನ್ನಾಪುರದ ಬೀದಿಗೆಲ್ಲ ಕೇಳುವಂತೆ "ಗೆದ್ದೆ" ಎಂದು ಕೂಗಿದೆ.

"ಏನೇ ಇದು, ಹಲ್ಲೋ ಗಾಣವೋ?" ಎಂದಳು ಅಕ್ಕ. ಆ ಲೋಟವನ್ನು ಅವಳ ಕೈಗೇ ಕೊಟ್ಟೆ. "ಪಾಪ" ಎನ್ನುವುದನ್ನೂ ಮರೆಯಲಿಲ್ಲ.

ಸಂಜೆ ಹೊರಡುವಾಗ ಅಕ್ಕ ಹೊಸ ರವಿಕೆ ಬಟ್ಟೆ ತಂದಳು. ಚೀಲದಿಂದ ಟೇಪು ತೆಗೆದು ಸುತ್ತಿದೆನೋ ಇಲ್ಲವೋ, ಹಬ್ಬದೂಟವೂ ಕಬ್ಬೂ ತುಂಬಿದ್ದ ಆ ಹೊಟ್ಟೆ ಮಾಯ. ಉಸಿರು ಬಿಡು ಎನ್ನಲು ಹೊರಟವಳು ತಡೆದುಕೊಂಡೆ.

"ನಿನ್ನ ಸೊಸೆ ಈ ಸಲ ಎಳ್ಳು ಸ್ವಲ್ಪ ಜಾಸ್ತಿ ಹುರಿದಿದ್ಲು, ಅಲ್ವಾ ಅಕ್ಕಾ?"

"ಅಯ್ಯೋ, ಹೇಳ್ಬೇಡ ಮಾರಾಯ್ತಿ! ಉರಿ ಸಣ್ಣ ಮಾಡು, ಸಣ್ಣ ಮಾಡು ಅಂತ ನಾನು ಬಡ್ಕೊಂಡೆ..."

ಅಕ್ಕನ ಮಾತು ಓಡುತ್ತಿತ್ತು. ಹೊಟ್ಟೆ ಮೆಲ್ಲಗೆ ತನ್ನ ಜಾಗಕ್ಕೆ ಬಂತು. ನಾನು ಟೇಪು ನೋಡಿಕೊಂಡೆ.