ಮಗಳನ್ನು ಮತ್ತೆ ಶಾಲೆಗೆ ಕಳಿಸಿದ್ದು

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಇನ್ಸುಲಿನ್ ಚುಚ್ಚುವುದನ್ನು ನಾನೂ ನನ್ನ ಗಂಡನೂ ಆಸ್ಪತ್ರೆಯಲ್ಲೇ ಕಲಿತೆವು. ಸೂಜಿಗಿಂತ ನನ್ನನ್ನು ಹೆದರಿಸಿದ್ದು ಡಾಕ್ಟರ್ ಹೇಳಿದ ಮಾತು. ಸಕ್ಕರೆ ತೀರಾ ಇಳಿದರೆ ಮಗು ಬೆವರುತ್ತದೆ, ತೊದಲುತ್ತದೆ, ಎಚ್ಚರ ತಪ್ಪಬಹುದು. ಕಾಯುವಂತಿಲ್ಲ, ಎಚ್ಚರವಿರುವಾಗಲೇ ಸಿಹಿ ಕೊಡಬೇಕು.

ನಮ್ಮ ಮನೆ ಬಾಣಸವಾಡಿಯಲ್ಲಿ, ಶಾಲೆ ಲಿಂಗರಾಜಪುರದಲ್ಲಿ, ನನ್ನ ವಿಮಾ ಕಚೇರಿ ಇಂದಿರಾನಗರದಲ್ಲಿ. ಅವಳಿಗೆ ಏನಾದರೂ ಆದರೆ ಟ್ರಾಫಿಕ್ ದಾಟಿ ನಾನು ತಲುಪುವುದು ಯಾವಾಗ? 

ಮುಖ್ಯೋಪಾಧ್ಯಾಯಿನಿಯೂ ಹೆದರಿದ್ದರು.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರಮ್ಮ ಹೊಣೆ? ಸ್ವಲ್ಪ ದಿನ ಮನೇಲೇ ಇಟ್ಕೊಳ್ಳಿ."

"ಸ್ವಲ್ಪ ದಿನದ್ದಲ್ಲ ಮೇಡಂ, ಇದು ಜೀವನಪೂರ್ತಿ ಇರೋದು" ಎಂದೆ.

ಅವರು ನನ್ನ ಕೈಯಲ್ಲಿದ್ದ ಆಸ್ಪತ್ರೆ ಚೀಟಿ ತೆಗೆದುಕೊಂಡು ಓದಿದರು. ಆಮೇಲೆ, "ನಮಗೆ ಇದೆಲ್ಲ ಏನೂ ಗೊತ್ತಿಲ್ಲ ಕಣ್ರೀ. ಯಾರಾದ್ರೂ ಬಂದು ಹೇಳ್ಕೊಡ್ತಾರಾ?" ಎಂದರು.

ಬೆನ್ಸನ್ ಟೌನಿನಲ್ಲಿ ಕ್ಲಿನಿಕ್ ಇಟ್ಟಿದ್ದ ಮಕ್ಕಳ ಡಾಕ್ಟರೊಬ್ಬರು ಒಪ್ಪಿಕೊಂಡರು. ಒಂದು ಶನಿವಾರ ಶಾಲೆಗೆ ಬಂದು ಕ್ಲಾಸ್ ಟೀಚರ್, ಆಯಾ, ಶಾಲೆಯೆದುರಿನ ಬೇಕರಿಯವರು, ಮಗಳನ್ನು ಕರೆದೊಯ್ಯುವ ಆಟೋದವರು, ಎಲ್ಲರನ್ನೂ ಒಟ್ಟಿಗೆ ಕೂರಿಸಿಕೊಂಡು ಹೇಳಿಕೊಟ್ಟರು, ಒಬ್ಬೊಬ್ಬರ ಕೈಗೂ ಒಂದು ಗ್ಲೂಕೋಸ್ ಪೊಟ್ಟಣ ಕೊಟ್ಟರು. ಮಧ್ಯಾಹ್ನದ ಇನ್ಸುಲಿನ್ ಕೊಡಲು ನನ್ನ ಗಂಡ ಊಟದ ಬಿಡುವಿನಲ್ಲಿ ಶಾಲೆಗೆ ಬರುವುದೆಂದಾಯಿತು. ಮಗಳು ಮತ್ತೆ ಯೂನಿಫಾರ್ಮ್ ಹಾಕಿಕೊಂಡಳು. ಅವಳಿಗೆ ಸಂಭ್ರಮ. ನಾನು ಮಾತ್ರ ಕಚೇರಿಯಲ್ಲಿ ಫೋನು ಕೈಯಿಂದ ಕೆಳಗಿಡುತ್ತಿರಲಿಲ್ಲ.

ಕೆಲವು ವಾರ ಏನೂ ಆಗಲಿಲ್ಲ. ಒಂದು ಸಂಜೆ ಆಟೋದವರ ಫೋನು ಬಂತು.

"ಮೇಡಂ, ಪಾಪು ಒಂಥರಾ ಆಡ್ತಾ ಅವ್ಳೆ. ಮೈಯೆಲ್ಲಾ ಬೆವ್ರು. ಕೇಳಿದ್ರೆ ಏನೇನೋ ಅಂತಾಳೆ."

"ಎಲ್ಲಿದ್ದೀರಾ?"

"ಫ್ಲೈಓವರ್ ಹತ್ರ, ಪೂರಾ ಜಾಮ್. ಸೈಡಿಗೆ ಹಾಕ್ಬಿಟ್ಟೆ."

"ಎಚ್ಚರ ಇದ್ಯಾ? ನುಂಗ್ತಾಳಾ?"

"ಇದೆ ಮೇಡಂ. ಗ್ಲೂಕೋಸ್ ನೀರು ಕಲಸಿದೀನಿ. ಬಾಯಿ ಬಿಡ್ತಾ ಇಲ್ಲ, ನನ್ ಕೈ ತಳ್ತಾಳೆ."

"ಬಿಡ್ಬೇಡಿ, ಕುಡಿಸಿ!" ಎಂದು ಕಿರುಚಿದೆ. ಕಚೇರಿಯವರೆಲ್ಲ ತಿರುಗಿ ನೋಡಿದರು. ಫೋನಿನಲ್ಲಿ ಹಾರ್ನ್‌ಗಳ ಗದ್ದಲ. ಅದರ ನಡುವೆ ಅವರು, "ಕುಡಿಯಮ್ಮಾ, ಒಂದ್ ಗುಟುಕು, ನಮ್ಮಮ್ಮ ಅಲ್ವಾ" ಎಂದು ಪುಸಲಾಯಿಸುತ್ತಲೇ ಇದ್ದರು. ನಾನು ಫೋನು ಕಿವಿಗಿಟ್ಟುಕೊಂಡೇ ಕಚೇರಿಯ ಮೆಟ್ಟಿಲಿಳಿದೆ. ಮಗಳ ದನಿ ಮಾತ್ರ ಕೇಳಿಸಲೇ ಇಲ್ಲ. 

"ಕುಡಿದ್ಲು ಮೇಡಂ!"

ಇನ್ನೂ ಸ್ವಲ್ಪ ಹೊತ್ತಿಗೆ ಅವಳೇ ಫೋನಿಗೆ ಬಂದಳು. "ಅಮ್ಮಾ, ಅಂಕಲ್ ನನ್ ಯೂನಿಫಾರ್ಮ್ ಮೇಲೆಲ್ಲಾ ಚೆಲ್ಲಿಬಿಟ್ರು" ಎಂದು ದೂರು ಹೇಳಿದಳು. ನನಗೆ ಅಳು ತಡೆಯಲಾಗಲಿಲ್ಲ.

ಅವತ್ತು ಮಧ್ಯಾಹ್ನ ಕ್ರೀಡಾಕೂಟಕ್ಕೆಂದು ಮಕ್ಕಳನ್ನು ಬಹಳ ಹೊತ್ತು ಓಡಿಸಿದ್ದರಂತೆ. ಓಡಿದರೆ ಸಕ್ಕರೆ ಇಳಿಯುತ್ತದೆ ಅನ್ನುವುದು ಪಿ.ಟಿ. ಮೇಷ್ಟ್ರಿಗೆ ಗೊತ್ತಿರಲಿಲ್ಲ, ಆ ಶನಿವಾರ ಅವರನ್ನು ಕರೆಯಲು ನಮಗ್ಯಾರಿಗೂ ಹೊಳೆದಿರಲಿಲ್ಲ. ಮರುದಿನ ಶಾಲೆಗೆ ಹೋಗುವಾಗ, ಇನ್ನು ಇವಳು ಬೇಡವೆನ್ನುತ್ತಾರೆ ಎಂದೇ ಅಂದುಕೊಂಡಿದ್ದೆ. ಆದರೆ ಮುಖ್ಯೋಪಾಧ್ಯಾಯಿನಿ, "ಆ ಡಾಕ್ಟರನ್ನ ಇನ್ನೊಂದ್ ಸಲ ಕರೀರಿ. ಈ ಸಲ ಎಲ್ಲಾ ಟೀಚರ್ಸೂ ಕೂರ್ತೀವಿ" ಎಂದರು.

ಎರಡನೆಯ ಸಭೆಗೆ ಗೇಟಿನ ಹತ್ತಿರ ನಿಲ್ಲುವ ಆಟೋದವರೆಲ್ಲ ಬಂದರು, ಕೆಲವು ಮಕ್ಕಳ ತಾಯಂದಿರೂ ಬಂದರು. ಪಿ.ಟಿ. ಮೇಷ್ಟ್ರು ಮುಂದಿನ ಬೆಂಚಿನಲ್ಲೇ ಕೂತಿದ್ದರು. ಕೊನೆಯಲ್ಲಿ ಹಿಂದಿನಿಂದ ಒಬ್ಬ ತಾಯಿ ಎದ್ದು ನಿಂತು, ಸೆರಗು ಹಿಂಡುತ್ತಾ, "ನಮ್ ಹುಡುಗನಿಗೆ ಫಿಟ್ಸ್ ಬರತ್ತೆ. ಶಾಲೆಯಿಂದ ತೆಗೆದ್ಹಾಕ್ತಾರೆ ಅಂತ ಹೆದ್ರಿ ಯಾರಿಗೂ ಹೇಳಿರ್ಲಿಲ್ಲ" ಎಂದರು. ಡಾಕ್ಟರು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೇ ಕೂತರು.