ಬುಡದಿಂದ ಬರೆಯುವ ಪ್ರೇಮಕುಮಾರಿ

ಹೊಗೆಸೊಪ್ಪಿನ ಕೆಲಸಗಾರರ ಬದುಕಿನ ದಾಖಲೆಗಾಗಿ ನಾನು ಮೊದಲ ಸಂದರ್ಶನಕ್ಕೆ ದಿನ ಕೇಳಿದಾಗಲೆಲ್ಲ ಪ್ರೇಮಕುಮಾರಿಯವರು “ಇದೊಂದು ತಪ್ಪು ಸಿಕ್ಬುಡ್ಲಿ ಸಾ, ಬತ್ತೀನಿ” ಎನ್ನುತ್ತಿದ್ದರು; ಕೊನೆಗೆ ಅರಕಲಗೂಡಿನ ಕಂಪ್ಯೂಟರ್ ತರಗತಿಯಲ್ಲಿ, ಅವರ ಪಕ್ಕದ ಕುರ್ಚಿಯಲ್ಲಿ ಕುಳಿತೇ ಮಾತು ಆರಂಭಿಸಿದೆ. ವಯಸ್ಸು ನಲವತ್ತೆರಡು. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಒಣಗಿಸಿ ಬೇಯಿಸುವ ಬ್ಯಾರನ್ ಮನೆಯ ಕೆಲಸವನ್ನು ಅವರ ಶ್ವಾಸಕೋಶ ಇನ್ನು ತಾಳದೆಂದು ವೈದ್ಯರು ಹೇಳಿದ್ದಾರೆ. ಈ ಕೋರ್ಸು ಪಾಸಾದರೆ ಮಾತ್ರ ಕಚೇರಿಯೊಂದರಲ್ಲಿ ಕೆಲಸ. ಆದರೆ ಅಂಕ ನೋಡಿ ದರ್ಜೆ ಹೇಳಬೇಕಾದ ಅವರ ಪ್ರೋಗ್ರಾಂ ತೊಂಬತ್ತು ತೆಗೆದವರನ್ನೂ ‘ಬರೀ ಪಾಸು’ ಎನ್ನುತ್ತದೆ. ಅವರು ಆವರಣ ಚಿಹ್ನೆಗಳನ್ನು ಬೆರಳಿಟ್ಟು ಎಣಿಸುತ್ತಾರೆ, ಪರದೆಯನ್ನು ಸೆರಗಿನಿಂದ ಒರೆಸುತ್ತಾರೆ, “ತೊಂಬತ್ತು ಕಣ್ಲಾ ಅದು, ಕಣ್ಣು ಕಾಣಾಕಿಲ್ವಾ ನಿಂಗೆ?” ಎಂದು ಯಂತ್ರವನ್ನೇ ಗದರುತ್ತಾರೆ. ಬೋಧಕಿ ಮಾನಸಾ ನೂರನೆಯ ಸಲ ಹೇಳುತ್ತಾರೆ: “ಅಕ್ಕಾ, ಮೂವತ್ತೈದು ದಾಟ್ತಾ ಅಂತ ಮೊದ್ಲೇ ಕೇಳ್ಬುಟ್ರೆ ತೊಂಬತ್ತೂ ಅಲ್ಲೇ ನಿಂತ್ಬುಡ್ತದೆ. ದೊಡ್ಡದ್ರಿಂದ ಕೇಳ್ಕೊಂಡ್ ಬನ್ನಿ.” “ಗೊತ್ತು ಕಣವ್ವಾ” ಎನ್ನುತ್ತಾರೆ ಪ್ರೇಮಕುಮಾರಿ, ಎಲ್ಲವನ್ನೂ ಅಳಿಸುತ್ತಾರೆ, ಮತ್ತೆ ಮೂವತ್ತೈದರಿಂದಲೇ ಆರಂಭಿಸುತ್ತಾರೆ. ಏಕೆಂದು ನಾನು ಕೇಳಿದಾಗ ಕೀಲಿಮಣೆಯಿಂದ ಕೈ ಎತ್ತಿ ನನ್ನ ಮುಂದೆ ಹಿಡಿದರು. “ಎಂಟನೇ ವಯಸ್ಸಿಂದ ಸೊಪ್ಪು ಮುರ್ದಿವ್ನಿ ಸಾ. ಬುಡದ ಎಲೆ ಮೊದ್ಲು, ತುದೀದು ಕೊನೇಗೆ. ತುದೀಗೆ ಮೊದ್ಲು ಕೈ ಹಾಕುದ್ರೆ ಅಪ್ಪ ಆ ಕೈ ಮ್ಯಾಲೇ ಒಡೀತಿದ್ದ. ತಲೇಗೆ ತಿಳೀತದೆ ಸಾ, ಕೈ ಕೇಳಾಕಿಲ್ಲ.” ದಾಖಲೆಗೆ ಸೇರಿಸಿದ್ದು: ೨೦೨೪ರ ಆಗಸ್ಟ್ ೧೭, ಶನಿವಾರ, ಕೊನೆಯ ಅವಕಾಶವಾಗಿದ್ದ ಪರೀಕ್ಷೆಯಲ್ಲಿ ಮೂವತ್ತೈದನ್ನೇ ಮೊದಲ ಷರತ್ತಾಗಿ ಬರೆದು ಪ್ರೇಮಕುಮಾರಿಯವರು ಅನುತ್ತೀರ್ಣರಾದರು.